ಟಕಟಕಮ್ಮನ ಖಾಲಿ ಕಾಲಂ

ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗುವುದು ನನ್ನ ಕೆಲಸ. ಮೂರು ಸಲ ಕೂಗುತ್ತೇನೆ. ಬಂದರೆ ಬಂದರು, ಬರದಿದ್ದರೆ ಅವರ ಹಣೆಬರಹ. ಇಪ್ಪತ್ತೆರಡು ವರ್ಷ ಕೂಗಿ ಕೂಗಿ ಗಂಟಲು ತಗಡಾಗಿದೆ, ಸಿಟ್ಟು ಮೂಗಿನ ತುದಿಗೆ ಬಂದು ಕೂತಿದೆ. ಆದರೆ ಹೇಳಹೊರಟಿದ್ದು ನನ್ನ ಕಥೆಯಲ್ಲ. ಒಳಗೆ ನ್ಯಾಯಾಧೀಶರ ಪೀಠದ ಕೆಳಗೆ ಕೂತು ಸಾಕ್ಷಿಗಳ ಹೇಳಿಕೆ ಬೆರಳಚ್ಚು ಮಾಡುವ ಅಕ್ಕನದು. ವಕೀಲರು ಆಕೆಯನ್ನು ಟಕಟಕಮ್ಮ ಎನ್ನುತ್ತಾರೆ. ಸಾಕ್ಷಿ ಬಾಯಿ ಮುಚ್ಚುವಷ್ಟರಲ್ಲಿ ಆಕೆಯ ಸಾಲು ಮುಗಿದಿರುತ್ತದೆ.

ಬೆರಳು ಅಷ್ಟು ಚುರುಕು, ಹೊಟ್ಟೆ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಆರೇಳು ವರ್ಷದಿಂದ ಇದೇ ಪಾಡು. ಹತ್ತೂವರೆಗೆ ಕಲಾಪ ಶುರುವಾಗುವುದಕ್ಕೂ ಹೊಟ್ಟೆ ಹಿಂಡುವುದಕ್ಕೂ ಸರಿಹೋಗುತ್ತಿತ್ತು. ಒಂದು ವಾರ ಬರೀ ಓಡಾಟ, ಮುಂದಿನ ವಾರ ಹೊಟ್ಟೆ ಕಲ್ಲು. ಹೋಗಿಬಂದರೆ ನೋವು ಇಳಿಯುತ್ತಿತ್ತು, ಅರ್ಧ ಗಂಟೆಗೆ ಮತ್ತೆ ಹತ್ತುತ್ತಿತ್ತು. ಶೌಚಾಲಯ ಮೊಗಸಾಲೆಯ ಆ ತುದಿಯಲ್ಲಿ. ಎಂಬತ್ತಾರು ಹೆಜ್ಜೆ, ಆಕೆಯೇ ಎಣಿಸಿದ್ದು. ಆದರೆ ಸಾಕ್ಷಿ ಕಟಕಟೆಯಲ್ಲಿರುವಾಗ ಬೆರಳಚ್ಚಿನವರು ಏಳುವಂತಿಲ್ಲ. ಅವರು ಎದ್ದರೆ ಇಡೀ ಕೋರ್ಟು ನಿಲ್ಲುತ್ತದೆ.

ಆಕೆಯ ಮುಖ ಬಿಳುಚಿಕೊಂಡು, ಮೇಜಿನ ಕೆಳಗೆ ಪಾದ ಕುಣಿಯತೊಡಗಿದರೆ ನಾನು ಬಾಗಿಲಿಂದಲೇ ಒಂದು ಸುಳ್ಳು ಬಿಡುತ್ತಿದ್ದೆ. "ಸ್ವಾಮಿ, ಪ್ರಿಂಟರ್ ಕಾಗದ ಮುಗಿದಿದೆ, ಅಕ್ಕ ತರ್ಬೇಕು." ಇನ್ನೊಂದು ದಿನ, "ಆಫೀಸಿಂದ ಫೋನ್ ಬಂದಿದೆ." ಕಟಕಟೆಯಲ್ಲಿ ನಿಂತವರಿಗಿಂತ ಹೆಚ್ಚು ಸುಳ್ಳು ಬಾಗಿಲಲ್ಲಿ ನಿಂತ ನಾನೇ ಹೇಳಿದ್ದೇನೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆಂದು ಒಳಗೊಳಗೇ ಉಬ್ಬುತ್ತಲೂ ಇದ್ದೆ.

ಈ ವರ್ಷ ಹೊಸ ನ್ಯಾಯಾಧೀಶರು ಬಂದರು. ಕೂತರೆ ಎರಡೂವರೆವರೆಗೆ ಏಳುವವರಲ್ಲ. ನನ್ನ ಕಾಗದದ ಸುಳ್ಳು ಮೂರನೇ ಸಲಕ್ಕೆ ಸಿಕ್ಕಿಬಿತ್ತು; ಒಂದು ಪೆಟ್ಟಿಗೆ ಕಾಗದ ತರಿಸಿ ಆಕೆಯ ಕಾಲಬುಡದಲ್ಲೇ ಇಡಿಸಿದರು. ಅಕ್ಕ ಬೆಳಿಗ್ಗೆ ತಿನ್ನುವುದನ್ನೇ ಬಿಟ್ಟರು. ಹೊಟ್ಟೆಗೆ ಏನೂ ಹಾಕದಿದ್ದರೆ ಅದು ಕೆಲಸವನ್ನಾದರೂ ಏನು ಮಾಡೀತು ಎಂಬ ಲೆಕ್ಕ. ಬರೀ ಟೀ, ಅದೂ ಮೂರು ಲೋಟ. ಹೊಟ್ಟೆ ಇನ್ನಷ್ಟು ರೇಗಿತು.

ಒಂದು ಮಧ್ಯಾಹ್ನ ಕೈಚೀಲದಿಂದ ಮಡಚಿದ ಹಾಳೆ ತೆಗೆದು ತೋರಿಸಿದರು. ಹಳೇ ಕಡತಗಳ ಕೋಣೆಗೆ ವರ್ಗ ಕೇಳಿದ ಅರ್ಜಿ. ಶೌಚಾಲಯಕ್ಕೆ ಅಂಟಿಕೊಂಡ ಕೋಣೆ ಅದು.

"ತಿಂಗಳ ಕೊನೆಗೆ ಕೊಟ್ಬಿಡ್ತೀನಿ ಕಣಪ್ಪ," ಎಂದರು. "ಅಲ್ಲಿ ಧೂಳಿದೆ, ಇಲಿ ಇದೆ. ಆದ್ರೆ ಯಾವಾಗ ಬೇಕಾದ್ರೂ ಏಳ್ಬಹುದು."

"ಟೈಪ್ ಮಾಡೋದು?"

"ಅದಿರಲ್ಲ." ಇಷ್ಟು ಹೇಳಿ ಹಾಳೆಯನ್ನು ಮಡಚಿ ಮತ್ತೆ ಕೈಚೀಲಕ್ಕೆ ಹಾಕಿದರು.

ಪರೀಕ್ಷೆಗಳೆಲ್ಲ ಆಗಿದ್ದವು. ರಕ್ತ, ಮಲ, ಸ್ಕ್ಯಾನು. ಬಾಯಿಂದ ಕೊಳವೆ ಬಿಟ್ಟೂ ನೋಡಿದ್ದರು. ಎಲ್ಲ ಕಡೆ ಒಂದೇ ಮಾತು, ಏನೂ ಇಲ್ಲ. ಮನೆಯಲ್ಲಿ ಅತ್ತೆ, "ಏನೂ ಇಲ್ದಿದ್ದಕ್ಕೆ ಬಚ್ಚಲು ಬಾಗಿಲು ಸವೀತಾ ಇದೆ," ಎಂದು ಚುಚ್ಚಿದರಂತೆ. ಅದೇ ಅತ್ತೆಯೇ ಕೊನೆಗೆ ತಮ್ಮ ಮೊಣಕಾಲಿಗೆಂದು ಹೋದಲ್ಲಿ ಒಬ್ಬ ಡಾಕ್ಟರಮ್ಮನ ವಿಳಾಸ ತಂದುಕೊಟ್ಟರು.

ಆ ಡಾಕ್ಟರಮ್ಮ ಹಳೇ ವರದಿಗಳನ್ನೆಲ್ಲ ಓದಿದರು. ರಕ್ತ ಹೋಗುತ್ತದೆಯೇ, ತೂಕ ಇಳಿದಿದೆಯೇ, ನಿದ್ದೆಯಿಂದ ಎಬ್ಬಿಸುತ್ತದೆಯೇ ಎಂದು ಕೇಳಿದರು. ಮೂರಕ್ಕೂ ಇಲ್ಲ ಎಂದ ಮೇಲೆ, "ಇದಕ್ಕೊಂದು ಹೆಸರಿದೆಯಮ್ಮ, ಐಬಿಎಸ್ ಅಂತ. ಕರುಳು ಹಾಳಾಗಿಲ್ಲ, ಸಣ್ಣದಕ್ಕೂ ಗಾಬರಿ ಬೀಳುತ್ತೆ, ಅಷ್ಟೆ. ನೋವು ಮಾತ್ರ ನಿಜವಾದದ್ದೇ. ಪೂರ್ತಿ ಹೋಗುತ್ತೆ ಅನ್ನಲ್ಲ, ಹಿಡಿತಕ್ಕೆ ತರ್ಬಹುದು," ಎಂದರು. ನೋವು ನಿಜ ಎಂದು ಒಬ್ಬರಾದರೂ ಹೇಳಿದರಲ್ಲ ಎಂದು ಅಕ್ಕ ಬಸ್ಸಿನಲ್ಲಿ ಅತ್ತರಂತೆ. ಎರಡು ವಾರ ಎಲ್ಲವನ್ನೂ ಬರೆದಿಡಲು ಹೇಳಿದ್ದರು: ಎಷ್ಟು ಹೊತ್ತಿಗೆ, ಏನು ತಿಂದದ್ದು, ಹೊಟ್ಟೆಗೆ ಏನಾಯಿತು, ಆಗ ಏನು ನಡೆಯುತ್ತಿತ್ತು.

ಬರೆಯುವುದೆಂದರೆ ನಮ್ಮ ಅಕ್ಕನಿಗೆ ಹೇಳಬೇಕೇ! ಅಂಚು ಬಿಟ್ಟು, ಗೆರೆ ಎಳೆದು, ಪುಟಕ್ಕೆ ಸಂಖ್ಯೆ ಹಾಕಿ ಹದಿನಾಲ್ಕು ಹಾಳೆ ಬೆರಳಚ್ಚು ಮಾಡಿ ಒಯ್ದರು. ಮೊದಲ ಮೂರು ಕಾಲಂ ಭರ್ತಿ. ನಾಲ್ಕನೆಯದು ಉದ್ದಕ್ಕೂ ಖಾಲಿ.

ಮರುದಿನ ಮೊಗಸಾಲೆಯ ಬೆಂಚಿನಲ್ಲಿ ಗೊಣಗುತ್ತಾ ಕೂತಿದ್ದರು. "ಡಾಕ್ಟರಮ್ಮ ಅಂತಾರೆ, ಭಾನುವಾರ ಇದೇ ಟೀ ಕುಡಿದಿದೀರ, ಏನೂ ಆಗಿಲ್ಲ. ಸೋಮವಾರ ಅದೇ ಟೀಗೆ ನಾಲ್ಕು ಸಲ ಹೊಟ್ಟೆ ಹಿಂಡಿದೆ. ಸೋಮವಾರ ಏನಾಯ್ತು ಅಂತ ಕೇಳ್ತಾರೆ. ನನಗೇನು ನೆನಪಿರುತ್ತೆ? ಸಾಕ್ಷಿ ಬಿಕ್ಕಿಬಿಕ್ಕಿ ಅತ್ರೂ ನಾವು ಅಳು ಬರೀತೀವಾ? ಹೇಳಿದ್ದಷ್ಟೇ ಬರೆಯೋದು."

"ನನಗೆ ನೆನಪಿದೆ," ಎಂದೆ.

"ಏನು?"

"ಸೋಮವಾರ. ಆ ಅಣ್ಣತಮ್ಮಂದಿರ ಜಮೀನಿನ ಕೇಸು. ನೀವು ಹೊಟ್ಟೆಗೇನೂ ಹಾಕಿರ್ಲಿಲ್ಲ. ನಾಲ್ಕು ತಾಸು ಯಾರೂ ಎದ್ದಿಲ್ಲ. ವಕೀಲ್ರು ಕಿರುಚಾಡಿದ್ರು, ನೀವು ಕುರ್ಚಿ ಕೈ ಹಿಡ್ಕೊಂಡಿದ್ರಿ."

ಅಕ್ಕ ಪೆನ್ನು ತೆಗೆದರು. "ಹೇಳು. ನಿಧಾನಕ್ಕೆ ಹೇಳು."

ಹೇಳಿದೆ. ಬಾಗಿಲಲ್ಲಿ ನಿಂತವನಿಗೆ ಎಲ್ಲ ಕಾಣುತ್ತದೆ. ಹದಿನಾಲ್ಕು ದಿನವನ್ನೂ ಒಂದೊಂದಾಗಿ ತೆಗೆದೆವು. ಉಪವಾಸ, ಖಾಲಿ ಹೊಟ್ಟೆಯ ಟೀ, ಉದ್ದನೆಯ ಪಾಟೀಸವಾಲು, ಮೂರೂ ಕೂಡಿದ ದಿನವೇ ಹೊಟ್ಟೆ ಹಿಂಡಿದ್ದು. ಕಾಲಂ ತುಂಬುತ್ತಾ ಬಂದ ಹಾಗೆ ಇನ್ನೊಂದೂ ಕಂಡಿತು. ಸಾಕ್ಷಿಯಿಲ್ಲದೆ, ಯಾವಾಗ ಬೇಕಾದರೂ ಏಳಬಹುದು ಎಂದಿದ್ದ ದಿನ ಏಳುವ ಅಗತ್ಯವೇ ಬಿದ್ದಿರಲಿಲ್ಲ. ನಾನು ಫೋನಿನ ಸುಳ್ಳು ಹೇಳಿ ಎಬ್ಬಿಸಿದ ದಿನ, ಎಲ್ಲಿ ಸಿಕ್ಕಿಬೀಳುತ್ತೇವೋ ಎಂಬ ಭಯಕ್ಕೆ ನೋವು ದುಪ್ಪಟ್ಟಾಗಿತ್ತು. ನನ್ನ ಉಪಕಾರ ಕಟ್ಟಿಕೊಂಡು ಆಕೆ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದು. ನನಗೆ ನಾಚಿಕೆಯಾಯಿತು.

ಬೆಳಿಗ್ಗೆ ಎಂಟಕ್ಕೆ ಸ್ವಲ್ಪ ಅನ್ನ ತಿನ್ನತೊಡಗಿದರು. ಟೀ ಒಂದೇ ಲೋಟ. ಡಾಕ್ಟರಮ್ಮ ಕೊಟ್ಟ ನಾರಿನ ಪುಡಿ ನೀರಿಗೆ ಹಾಕಿ ಕುಡಿದರು. ಪರವಾಗಿಲ್ಲ ಎನ್ನುವಂತಾಯಿತು. ಆದರೆ ಅರ್ಜಿ ಕೈಚೀಲದಲ್ಲೇ ಇತ್ತು, ತಿಂಗಳ ಕೊನೆಯೂ ಬಂತು.

ಅವತ್ತೇ ಜಮೀನಿನ ಕೇಸು ಮತ್ತೆ ಬಂತು. ಹನ್ನೆರಡರ ಹೊತ್ತಿಗೆ ವಕೀಲರ ಗಂಟಲು ಸೂರಿಗೇರಿತ್ತು. ಮೇಜಿನ ಕೆಳಗೆ ಅಕ್ಕನ ಪಾದ ಕುಣಿಯತೊಡಗಿತು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕಿದೆ, ಹೊಸ ಸುಳ್ಳೊಂದನ್ನು ನಾಲಿಗೆಯ ತುದಿಗೆ ತಂದುಕೊಂಡೆ. "ಸ್ವಾಮಿ," ಎಂದು ಬಾಯಿ ತೆರೆದೆ.

ಅಕ್ಕ ನನ್ನ ಕಡೆ ತಿರುಗಿ ಬೇಡವೆಂದು ತಲೆಯಾಡಿಸಿದರು. ಎದ್ದು ನಿಂತರು. "ಸ್ವಾಮಿ, ನನಗೆ ಕರುಳಿನ ತೊಂದರೆ ಇದೆ. ಐದು ನಿಮಿಷ ಬೇಕು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು ತಿರುಗಿ ನೋಡಿದ ನೋಟಕ್ಕೆ ಸುಮ್ಮನಾದರು. ನ್ಯಾಯಾಧೀಶರು ಕನ್ನಡಕ ತೆಗೆದರು. "ಹೋಗ್ಬನ್ನಿ. ಬೇಕಾದಾಗ ಕೈ ಎತ್ತಿ, ಸಾಕು. ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ?"

ಅಕ್ಕ ಎಂಬತ್ತಾರು ಹೆಜ್ಜೆಯನ್ನು ಓಡದೆ ನಡೆದರು. ವಾಪಸ್ಸು ಬಂದು ಕೂತು, ಎರಡೂವರೆವರೆಗೆ ಮತ್ತೆ ಕೈ ಎತ್ತಲಿಲ್ಲ.

ಸಂಜೆ ಕೈಚೀಲದಿಂದ ಆ ಅರ್ಜಿ ತೆಗೆದರು. ಕೊಟ್ಟೇಬಿಡುತ್ತಾರೇನೋ ಎಂದು ಹತ್ತಿರ ಹೋದೆ. ಅದನ್ನು ಮಗುಚಿ, ಬೆನ್ನಿಗೆ ಗೆರೆ ಎಳೆದು, ಆ ದಿನದ ಲೆಕ್ಕ ಬರೆದರು. ಎಂಟಕ್ಕೆ ಅನ್ನ. ಒಂದು ಟೀ. ಹನ್ನೆರಡಕ್ಕೆ ಹೊಟ್ಟೆ ಹಿಂಡಿತು. ಪೆನ್ನು ನಾಲ್ಕನೇ ಕಾಲಮ್ಮಿಗೆ ಬಂತು.

"ಐದು ನಿಮಿಷ ಕೇಳಿದೆ. ಕೊಟ್ಟರು," ಎಂದು ಬರೆದರು.