ಎರಡನೆಯ ಹಿಡಿ

ಅಕ್ಕ ನನ್ನ ಕೈಗೆ ಕೊಟ್ಟ ಅಕ್ಕಿಯನ್ನು ನಾನು ಅಜ್ಜಿಗೆ ತಲುಪಿಸಲಿಲ್ಲ. ಅಜ್ಜಿಯ ಮನೆಗೆ ಪ್ರತಿ ತಿಂಗಳೂ ಒಂದು ಚೀಲ ಅಕ್ಕಿಯೇನೋ ಹೋಗುತ್ತಿತ್ತು. ಚೀಲ ಅಕ್ಕನದೇ, ಒಳಗಿನ ಅಕ್ಕಿ ಮಾತ್ರ ಬೇರೆ. ಅಕ್ಕನ ಸಣ್ಣಕ್ಕಿಯನ್ನು ನಮ್ಮ ಮನೆಯಲ್ಲಿ ಸುರಿದುಕೊಂಡು, ಅದೇ ಚೀಲಕ್ಕೆ ನಮ್ಮ ರೇಷನ್ನಿನ ದಪ್ಪಕ್ಕಿ ತುಂಬಿ ಕೊಡುತ್ತಿದ್ದೆ. ಒಂದು ಸಲ ಆಗಿದ್ದರೆ ಮರೆವು ಎನ್ನಬಹುದಿತ್ತು. ಈಸ್ಟರ್ ಕಳೆದ ಮೇಲಿಂದ ಕ್ರಿಸ್ಮಸ್ ಹತ್ತಿರ ಬರುವ ತನಕ ಹಾಗೇ ನಡೆಸಿದೆ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ನಮ್ಮದು ಕುಣಿಗಲ್ಲಿನ ಒಂದು ಕ್ರೈಸ್ತರ ಮನೆ. ಅವ್ವ ಒಲೆಯ ಮೇಲೆ ಎಸರಿಟ್ಟು, ಅಕ್ಕಿ ತೊಳೆಯುವ ಮೊದಲು ಎರಡು ಹಿಡಿ ತೆಗೆದು ಎರಡು ಡಬ್ಬಗಳಿಗೆ ಹಾಕುತ್ತಿದ್ದಳು. ಒಂದು ಹಿಡಿ ಸಭೆಗೆ. ಭಾನುವಾರ ಆರಾಧನೆಗೆ ಹೋಗುವಾಗ ಹೆಂಗಸರು ಹಾಗೆ ಎತ್ತಿಟ್ಟ ಅಕ್ಕಿಯನ್ನು ತಂದು ಚರ್ಚಿನ ಬುಟ್ಟಿಗೆ ಸುರಿಯುತ್ತಿದ್ದರು. ಎರಡನೆಯ ಹಿಡಿ ಅವ್ವ ತಾನಾಗಿ ಸೇರಿಸಿಕೊಂಡದ್ದು. ಅದು ಬೀದಿಗೆ. ಆ ತಿಂಗಳು ಬೀದಿಯಲ್ಲಿ ಯಾರಿಗೆ ಇಲ್ಲವೋ ಅವರಿಗೆ.

"ಚರ್ಚಿಗೆ ಕೊಟ್ಟಿದ್ದ ನಾಕ್ ಜನ ನೋಡ್ತಾರೆ. ಇದ್ನ ಯೇಸಪ್ಪ ಒಬ್ನೇ ನೋಡ್ತಾನೆ, ಸಾಕು ಬುಡು" ಎನ್ನುತ್ತಿದ್ದಳು.

ಅವ್ವ ತೀರಿಕೊಂಡ ಮೇಲೆ ಆ ಎರಡು ಡಬ್ಬಗಳು ಅಕ್ಕನ ಜೊತೆ ಗುಬ್ಬಿಗೆ ಹೋದವು. ಭಾವ ತೀರಿಹೋದ ಮೇಲೆ ಅಕ್ಕ ಅಲ್ಲಿಯ ಒಂದು ಸ್ಕೂಲಿನಲ್ಲಿ ಬಿಸಿಯೂಟದ ಅಡುಗೆ ಮಾಡಿಕೊಂಡು ಒಬ್ಬಳೇ ಇದ್ದಾಳೆ. ಎರಡನೆಯ ಡಬ್ಬದ ಅಕ್ಕಿಯನ್ನು ಅವಳು ಕುಣಿಗಲ್ಲಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ಎಂದು ಗೊತ್ತುಮಾಡಿದಳು. ಅಜ್ಜಿ ನಮ್ಮ ಮತದವಳಲ್ಲ. ಹಣೆ ತುಂಬ ವಿಭೂತಿ ಹಚ್ಚುವವಳು. ಸೊಪ್ಪು ಮಾರಿ ಬದುಕಿದವಳು, ಈಗ ಮಂಡಿ ಹೋಗಿ ಹೊಸಿಲು ಹಿಡಿದಿದ್ದಾಳೆ, ಹಿಂದೆ ಮುಂದೆ ಯಾರೂ ಇಲ್ಲ. ಅವ್ವ ಹಾಸಿಗೆ ಹಿಡಿದಾಗ ದಿನಾ ಬಂದು ಅವ್ವನ ತಲೆಯ ಸಿಕ್ಕು ಬಿಡಿಸಿ ಜಡೆ ಹಾಕಿ ಹೋಗುತ್ತಿದ್ದಳು. ನಾನು ಅದನ್ನು ಮರೆತಿದ್ದೆ. ಅಕ್ಕ ಮರೆಯಲಿಲ್ಲ.

ನನ್ನದು ಗೂಡ್ಸ್ ಆಟೋ. ಗುಬ್ಬಿಯಿಂದ ತೆಂಗಿನಕಾಯಿ ತುಂಬಿಕೊಂಡು ತುಮಕೂರಿನ ಮರಳೂರಿನಲ್ಲಿ ಇಳಿಸಿ, ಅಲ್ಲಿಂದ ಬೂಸಾ ಹಾಕಿಕೊಂಡು ಕುಣಿಗಲ್ಲಿಗೆ ಬರುತ್ತೇನೆ. ತಿಂಗಳಿಗೊಮ್ಮೆ ಅಕ್ಕ ಗುಬ್ಬಿಯಲ್ಲಿ ರಸ್ತೆಯ ಪಕ್ಕ ಚೀಲ ಹಿಡಿದು ನಿಂತಿರುತ್ತಿದ್ದಳು.

"ಏನ್ಲಾ, ಗಾಡಿಯಿಂದ ಇಳಿಯಕ್ಕೂ ಪುರುಸೊತ್ತಿಲ್ವಾ ಮಿನಿಸ್ಟ್ರಿಗೆ? ಮನೆಗ್ ಬಂದು ಒಂದ್ ಮುದ್ದೆ ತಿಂದ್ಕಂಡೋಗು."

"ಲೋಡ್ ಐತೆ ಕಣಕ್ಕ. ಬರೋ ತಿಂಗ್ಳು ಬರ್ತೀನಿ."

"ನಿನ್ ಬರೋ ತಿಂಗ್ಳು ಕ್ಯಾಲೆಂಡ್ರಲ್ಲೇ ಇಲ್ಲ ಬುಡು" ಎಂದು ನಗುತ್ತಾ ಚೀಲವನ್ನು ಸೀಟಿನ ಕೆಳಗೆ ಇಡುತ್ತಿದ್ದಳು. ಹಾಗೆ ಎರಡು ವರ್ಷ ನಾನು ಅವಳ ಮನೆಯ ಒಳಗೆ ಕಾಲಿಡಲಿಲ್ಲ.

ಈಸ್ಟರ್ ಆದ ವಾರ ಹೆಂಡತಿಯ ಅಣ್ಣನ ಮನೆಯವರೆಲ್ಲ ಊಟಕ್ಕೆ ಬಂದರು. ಮನೆಯಲ್ಲಿ ಸಣ್ಣಕ್ಕಿ ಮುಗಿದಿತ್ತು. ಅಕ್ಕನ ಚೀಲ ಬಾಗಿಲ ಹಿಂದೆ ಇತ್ತು. ಬಿಚ್ಚಿ ನೋಡಿದರೆ ಮಲ್ಲಿಗೆ ಮೊಗ್ಗಿನಂಥ ಅಕ್ಕಿ.

"ಎತ್ತಿಟ್ಟಿರೋ ಅಕ್ಕಿ ಕಣ್ರೀ, ಬ್ಯಾಡ" ಎಂದಳು ಹೆಂಡತಿ.

"ಅಕ್ಕಿ ಅಂದ್ರೆ ಅಕ್ಕಿ. ಅಜ್ಜಿಗೆ ನಮ್ದು ಕೊಟ್ರಾಯ್ತು" ಎಂದೆ ನಾನು.

ಅವತ್ತು ಅನ್ನ ಚೆನ್ನಾಗಿತ್ತು. ಮುಂದಿನ ತಿಂಗಳು ನೆಂಟರು ಬರಲಿಲ್ಲ, ಆದರೂ ಚೀಲ ಬಿಚ್ಚಿದೆ. ನಾಲಿಗೆಗೆ ರೂಢಿಯಾಗಿತ್ತು. ನನ್ನ ಮನಸ್ಸಿಗೆ ಒಂದು ಸಮಾಧಾನವನ್ನೂ ಹುಡುಕಿಕೊಂಡಿದ್ದೆ. ದಾನಕ್ಕೇ ಇಂಥ ಅಕ್ಕಿ ಕೊಡುವವಳು ತಾನು ಇನ್ನೆಂಥದ್ದು ಉಣ್ಣುತ್ತಾಳೋ, ಅವಳಿಗೇನು ಕಡಿಮೆ ಎಂದುಕೊಳ್ಳುತ್ತಿದ್ದೆ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಗುಬ್ಬಿಗೆ ಹೊರಟಿದ್ದೆ. ಅಜ್ಜಿ ಹೊಸಿಲ ಮೇಲಿಂದ ಕೂಗಿದಳು.

"ಲೋ ಮಗಾ, ನಿಮ್ಮಕ್ಕಂಗೆ ಏನಾದ್ರೂ ಕಷ್ಟ ಬಂದೈತೇನ್ಲಾ?"

"ಇಲ್ವಲ್ಲಜ್ಜಿ. ಯಾಕೆ?"

"ನಂತಾವ ಮುಚ್ಚಿಡ್ಬ್ಯಾಡ. ಅಕ್ಕಿ ಬದ್ಲಾಗಿ ಎಷ್ಟ್ ದಿನ ಆಯ್ತು. ಮುಂಚೆ ಅನ್ನ ಹೂವಿನಂಗೆ ಅರಳೋದು. ಪಾಪ, ತನಗೇ ಇಲ್ದಿದ್ರೂ ಕಳಸ್ತಾವ್ಳೆ, ಪುಣ್ಯಾತ್ಗಿತ್ತಿ."

ಅಜ್ಜಿ ಸೆರಗಿನ ಮರೆಯಿಂದ ಒಂದು ಬಟ್ಟೆಯ ಗಂಟು ತೆಗೆದಳು.

"ನಾನೂ ದಿನಾ ಒಂದ್ ಹಿಡಿ ಎತ್ತಿಟ್ಟೀನಿ, ನಿಮ್ಮವ್ವನಂಗೆ. ತಗಂಡೋಗಿ ಅವಳಿಗೆ ಕೊಡು. ನಾನ್ ಕೊಟ್ಟೆ ಅಂತ ಹೇಳ್ಬ್ಯಾಡ, ವಾಪಸ್ ಕಳಿಸ್ಬುಡ್ತಾಳೆ."

ನಾನು ಬದಲಿಸಿ ಕೊಟ್ಟ ಅಕ್ಕಿ. ಅದರಲ್ಲೇ ಆಕೆ ಹಿಡಿ ಹಿಡಿಯಾಗಿ ಉಳಿಸಿದ್ದಳು.

ತುಮಕೂರು ದಾಟುವ ತನಕ ಆ ಗಂಟು ಪಕ್ಕದ ಸೀಟಿನಲ್ಲಿ ಕೂತಿತ್ತು, ಒಬ್ಬ ಮನುಷ್ಯ ಕೂತ ಹಾಗೆ. ಎಲ್ಲಾದರೂ ಯಾರಿಗಾದರೂ ಕೊಟ್ಟುಬಿಡೋಣ ಎಂದು ಎರಡು ಕಡೆ ಗಾಡಿ ಸ್ಲೋ ಮಾಡಿದೆ. ಆಗಲಿಲ್ಲ.

ಗುಬ್ಬಿಯಲ್ಲಿ ಅಕ್ಕ ರಸ್ತೆಯ ಪಕ್ಕ ಇರಲಿಲ್ಲ. ಫೋನ್ ಮಾಡಿದರೆ, "ಕಜ್ಜಾಯದ ಪಾಕ ಒಲೆ ಮ್ಯಾಲೈತೆ ಕಣೋ, ಬಿಟ್ಟು ಬರಕ್ಕಾಗಲ್ಲ. ಮನೆಗೇ ಬಾ" ಎಂದಳು. ಕ್ರಿಸ್ಮಸ್ಸಿಗೆ ಅವಳು ಬೀದಿಯ ಎಲ್ಲ ಮನೆಗೂ ಕಜ್ಜಾಯ ಹಂಚುತ್ತಾಳೆ. ಅದಕ್ಕಾಗಿ ಒಂದು ವಾರ ಮೊದಲೇ ಶುರುಮಾಡುತ್ತಾಳೆ.

ಅಡುಗೆ ಮನೆಯ ಬಾಗಿಲಲ್ಲಿ ನಿಂತೆ. ಗೂಡಿನಲ್ಲಿ ಅವ್ವನ ಎರಡು ಡಬ್ಬಗಳು. ಕೆಳಗೆ ಒಂದು ಪುಟ್ಟ ಚೀಲದಲ್ಲಿ ಸಣ್ಣಕ್ಕಿ. ಮೂಲೆಯಲ್ಲಿ ದೊಡ್ಡ ಡ್ರಮ್ಮು. ಅಕ್ಕ ಪಾಕ ಇಳಿಸಿ ಊಟಕ್ಕೆಂದು ಎಸರಿಟ್ಟಳು. ಪುಟ್ಟ ಚೀಲಕ್ಕೆ ಕೈ ಹಾಕಿ ಎರಡು ಹಿಡಿ ಸಣ್ಣಕ್ಕಿ ತೆಗೆದು ಡಬ್ಬಗಳಿಗೆ ಹಾಕಿದಳು. ಆಮೇಲೆ ಡ್ರಮ್ಮಿನ ಮುಚ್ಚಳ ತೆಗೆದು, ನಮ್ಮಿಬ್ಬರಿಗೂ ದಪ್ಪಕ್ಕಿ ಅಳೆದುಕೊಂಡಳು. ಅದೇ ರೇಷನ್ನಿನ ಅಕ್ಕಿ.

"ಅಕ್ಕ, ನೀನು ದಿನಾ ಇದನ್ನ ಉಣ್ತೀಯಾ?"

"ಇದು ಗವರ್ನಮೆಂಟ್ ಕೊಡೋ ಮನ್ನಾ ಕಣೋ. ಬೈಬಲ್ಲಲ್ಲಿ ಬಿದ್ದಂಗೆ ಆಕಾಶದಿಂದ ಬೀಳ್ಲಿಲ್ಲ, ಕ್ಯೂನಲ್ಲಿ ನಿಂತು ತಂದಿದ್ದು, ಅಷ್ಟೇ."

"ಮತ್ತೆ ಆ ಸಣ್ಣಕ್ಕಿ?"

"ಅದು ಎತ್ತಿಡಕ್ಕೆ. ನಾನ್ ಉಣ್ಣೋದ್ನೇ ಕೊಡಾಣ ಅಂತಿದ್ದೆ. ಆದ್ರೆ ಅಜ್ಜಿಗೆ ಬಾಯಲ್ಲಿ ಒಂದ್ ಹಲ್ಲಿಲ್ಲ. ದಪ್ಪಕ್ಕಿ ಹೆಂಗೆ ಅಗೀತಾಳೆ, ಹೇಳು? ನನ್ ಹಲ್ಲು ಗಟ್ಟಿಯಾಗೈತೆ."

ಎರಡು ವರ್ಷ ನಾನು ಅಜ್ಜಿಯ ಬಾಯಿ ನೋಡಿದ್ದೆ, ಹಲ್ಲಿಲ್ಲ ಎಂದು ನೋಡಿರಲಿಲ್ಲ. ಇಷ್ಟು ದೂರದಲ್ಲಿದ್ದ ಅಕ್ಕನಿಗೆ ಅದು ಕಾಣಿಸಿತ್ತು. ನಾನು ಪಕ್ಕದ ಮನೆಯಲ್ಲಿದ್ದೆ.

ತಟ್ಟೆ ಮುಂದೆ ಇಟ್ಟು ಅಕ್ಕ, "ಇವತ್ತು ನೀನೇ ಪ್ರಾರ್ಥನೆ ಮಾಡು, ಅಪರೂಪದ ನೆಂಟ" ಎಂದು ಕಣ್ಣು ಮುಚ್ಚಿದಳು. ನಾನೂ ಕಣ್ಣು ಮುಚ್ಚಿದೆ. 'ಕರ್ತನೇ' ಎನ್ನುವುದರ ಮುಂದೆ ಮಾತು ಹೋಗಲಿಲ್ಲ. ಅನ್ನ ಆರುವ ತನಕ ಎಲ್ಲವನ್ನೂ ಹೇಳಿದೆ. ಗಂಟನ್ನೂ ತಂದು ಅವಳ ಮುಂದೆ ಇಟ್ಟೆ.

ಅಕ್ಕ ಬೈಯಲಿಲ್ಲ. ಗಂಟು ಬಿಚ್ಚಿ ಅಕ್ಕಿಯಲ್ಲಿ ಬೆರಳಾಡಿಸಿದಳು. ಅದರಲ್ಲಿ ಒಂದು ಕಲ್ಲೂ ಇರಲಿಲ್ಲ. ಮಂಜುಗಣ್ಣಿನ ಅಜ್ಜಿ ಆರಿಸಿ ಇಟ್ಟಿದ್ದಳು. ಅಕ್ಕನ ಕಣ್ಣಲ್ಲಿ ನೀರು ಬಂತು. ಅದು ನನ್ನ ಮೇಲಿನ ಸಿಟ್ಟಿಗೆ ಬಂದದ್ದಲ್ಲ.

"ನೋಡ್ಲಾ, ಏನೂ ಇಲ್ದೋಳು ನಂಗೆ ಕಳ್ಸವ್ಳೆ" ಎಂದಳು.

"ಅಕ್ಕ, ನಂದು ತಪ್ಪು..." ಎಂದು ಶುರುಮಾಡಿದೆ. ಅವಳು ತಡೆದಳು.

"ನಂಗ್ಯಾಕೆ ಹೇಳ್ತೀಯ? ಚೀಲ ನಿನ್ ಗಾಡೀಲಿ ಇಟ್ ಮ್ಯಾಲೆ ಅದು ನಂದಲ್ಲ. ಯಾರ್ದೋ ಅವ್ರಿಗೆ ಹೇಳು. ಮೊದ್ಲು ಉಣ್ಣು."

ಆ ತಿಂಗಳ ಚೀಲವನ್ನು ಅಕ್ಕ ಎಂದಿನಂತೆ ನನ್ನ ಕೈಗೇ ಕೊಟ್ಟಳು. ಬೇರೆ ಯಾರ ಕೈಗಾದರೂ ಕೊಡಬಹುದಿತ್ತು. ಮೇಲೆ ಒಂದು ಡಬ್ಬ ಕಜ್ಜಾಯ ಇಟ್ಟು, "ಮೆತ್ತಗೆ ಮಾಡೀನಿ, ಅಜ್ಜಿಗೆ ಅಂತ" ಎಂದಳು.

ಸಂಜೆ ಬಿಸಿಲಿರುವಾಗಲೇ ಕುಣಿಗಲ್ಲಿಗೆ ಬಂದೆ. ನಮ್ಮ ಮನೆಯ ಬಾಗಿಲು ತೆರೆದಿತ್ತು. ಒಳಗೆ ಹೋಗದೆ ನೇರವಾಗಿ ಅಜ್ಜಿಯ ಹೊಸಿಲ ಬಳಿ ಕೂತು ಚೀಲ ಬಿಚ್ಚಿದೆ. ಅಜ್ಜಿ ಒಂದು ಹಿಡಿ ಎತ್ತಿ ಕಣ್ಣಿನ ಹತ್ತಿರ ತಂದು ನೋಡಿದಳು.

"ಅಯ್ಯೋ, ಮತ್ತೆ ಸಣ್ಣಕ್ಕಿ! ನಿಮ್ಮಕ್ಕನ ಕಷ್ಟ ತೀರ್ತೇನ್ಲಾ?"

ನಾನು ಅಜ್ಜಿಯ ಕಾಲು ಮುಟ್ಟಿದೆ. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಅವರಿಗೂ ಕೇಳುವ ಹಾಗೆಯೇ ಹೇಳಿದೆ:

"ಅಕ್ಕ ಯಾವತ್ತೂ ಇದೇ ಅಕ್ಕಿನೇ ಕಳಿಸ್ತಿದ್ಲು ಅಜ್ಜಿ. ಬದ್ಲಾಯ್ಸಿದ್ದು ನಾನು. ನಿನ್ ಬಾಯಿಗೆ ಬರ್ಬೇಕಾಗಿದ್ದುನ್ನ ನಾನ್ ಉಂಡೆ. ತಪ್ಪಾಯ್ತು. ನನ್ನ ಕ್ಷಮಿಸ್ಬುಡು."