ಟ್ಯಾಂಕ್ ಲೈನಿನ ಎರಡನೇ ಹೋಳು

ಆಗಿನ ಬ್ಯಾಸಗಿ ಅಂದರೆ ಈಗಿನ ಹಾಗೆ ಏಸಿ ಹಾಕಿಕೊಂಡು, ಬಾಗಿಲು ಮುಚ್ಚಿಕೊಂಡು ಕೂರುವ ಬ್ಯಾಸಗಿ ಅಲ್ಲ. ತೆಲುಗು ಸೀಮೆಯ ಕುಷಾಯಿಗೂಡದ ನಮ್ಮ ಕಾಲೊನಿಯಲ್ಲಿ ಸಂಜೆ ಕಾರ್ಖಾನೆಯ ಸೈರನ್ ಕೂಗಿತೆಂದರೆ ಸಾಕು, ಮನೆಮನೆಯಿಂದ ಮಕ್ಕಳು ಹೊರಗೆ ಬೀಳುತ್ತಿದ್ದರು. ಕಾದ ಸಿಮೆಂಟಿಗೆ ಯಾರೋ ನೀರು ಚಿಮುಕಿಸಿದ ವಾಸನೆ, ಬೇವಿನ ಹೂವಿನ ವಾಸನೆ, ಗೇಟಿನ ಬಂಡಿಯಿಂದ ಮಿರ್ಚಿ ಭಜಿಯ ವಾಸನೆ. ಅಂಗೈಗೆ ಒಮ್ಮೆ ರಬ್ಬರ್ ಚೆಂಡಿನ ವಾಸನೆ ಹತ್ತಿತೆಂದರೆ ಸಾಬೂನಿಗೂ ಬಗ್ಗುತ್ತಿರಲಿಲ್ಲ. ನಿಮ್ಮ ಓಣಿಯಲ್ಲಿ ಕ್ರಿಕೆಟ್ ಇದ್ದಿರಬಹುದು. ನಮ್ಮಲ್ಲಿ ಬಾಸ್ಕೆಟ್‌ಬಾಲ್. ನಗಬೇಡಿ, ನಿಮ್ಮ ಕ್ರಿಕೆಟ್ಟಿಗಿಂತ ನಮ್ಮ ಜಗಳ ದೊಡ್ಡವಿದ್ದವು.

ನೀರಿನ ಟ್ಯಾಂಕಿನ ಬದಿಗೆ ಯಾವ ಕಾಲದಲ್ಲೋ ಎರಡು ಕಬ್ಬಿಣದ ರಿಂಗು ಹಾಕಿಸಿದ್ದರು. ಜಾಳಿಗೆ ಹರಿದು ಹೋಗಿ, ಉಳ್ಳಾಗಡ್ಡಿ ಚೀಲ ಕತ್ತರಿಸಿ ಕಟ್ಟಿದ್ದೆವು. ಕಾಲೊನಿಯಲ್ಲಿ ಮೂರು ಸಾಲು ಮನೆ, ಮೂರು ತಂಡ: ಪಾರ್ಕ್ ಲೈನ್, ಗೇಟ್ ಲೈನ್, ನಮ್ಮದು ಟ್ಯಾಂಕ್ ಲೈನ್. ನಾವು ಪ್ರತಿ ಬ್ಯಾಸಗಿಗೂ ಕಡೇ ಸ್ಥಾನ. ಅದಕ್ಕೆ ನಮಗೆ ನಾಚಿಕೆ ಏನೂ ಇರಲಿಲ್ಲ, ಬಾಯಿ ಮಾತ್ರ ಎಲ್ಲರಿಗಿಂತ ಜೋರಿತ್ತು.

ಈ ಆಟಕ್ಕೆ ಕಾಯ್ದೆ ಮಾಡಿದವರು ಬಾಜೂ ಮನೆಯ ಕುಲಕರ್ಣಿ ಕಾಕಾ. ಕಲಬುರಗಿ ಕಡೆಯವರು, ಸರ್ಕಾರಿ ನೌಕರಿಯಿಂದ ನಿವೃತ್ತರು. ನಸುಕಿನಲ್ಲಿ ಎದ್ದು ಚಾ ಹಿಡಿದುಕೊಂಡು ಟೀವಿಯಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ನೋಡುವುದು ಅವರ ಚಟ. ಅಲ್ಲಿನ ಡ್ರಾಫ್ಟ್ ಪದ್ಧತಿಯನ್ನು ನಮ್ಮ ಟ್ಯಾಂಕಿನ ಕಟ್ಟೆಗೆ ತಂದವರೂ ಅವರೇ. ಹನ್ನೆರಡು ತುಂಬಿದ ಹೊಸ ಮಕ್ಕಳನ್ನು, ಮನೆ ಯಾವ ಸಾಲಿನಲ್ಲಿದ್ದರೂ, ಮೂರೂ ಲೈನಿನ ಕ್ಯಾಪ್ಟನ್‌ಗಳು ಒಬ್ಬೊಬ್ಬರಾಗಿ ಆರಿಸಬೇಕು, ಸೋತ ಲೈನಿಗೆ ಮೊದಲ ಪಾಳಿ. ಬೇಕಾದರೆ ತಮ್ಮ ಆಟಗಾರನನ್ನು ಕೊಟ್ಟು ಇನ್ನೊಂದು ಲೈನಿನ ಪಾಳಿ ತೆಗೆದುಕೊಳ್ಳಬಹುದು. ಅಮೆರಿಕದಲ್ಲಿ ಆರಿಸಿದ ಹುಡುಗನ ತಲೆಗೆ ತಂಡದ ಟೋಪಿ ತೊಡಿಸುತ್ತಾರಂತೆ. ಟೋಪಿ ಎಲ್ಲಿಂದ ತರೋಣ? ಕಾಕಾ ಸ್ಟೀಲ್ ತಾಟಿನಲ್ಲಿ ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು ಇಡುತ್ತಿದ್ದರು. ಹೋಳು ತಿಂದವರು ಆ ಲೈನಿನವರು, ಆಟ ಬಿಡುವ ತನಕ. ಕಾಯ್ದೆ ಇಷ್ಟೇ.

ಆ ಬ್ಯಾಸಗಿ ನಮ್ಮ ಕ್ಯಾಪ್ಟನ್ ಶ್ರೀಧರ ಒಂದು ಘನಂದಾರಿ ಕೆಲಸ ಮಾಡಿದ. ನಮ್ಮ ಇಮ್ರಾನನನ್ನು ಪಾರ್ಕ್ ಲೈನಿಗೆ ಕೊಟ್ಟುಬಿಟ್ಟ!

ಇಮ್ರಾನ್ ಅಂದರೆ ನಮ್ಮ ಲೈನಿನ ಜೀವ. ಮೂವರು ಸುತ್ತುಗಟ್ಟಿದರೂ ಅವರ ನಡುವೆ ನುಸುಳಿ ಚೆಂಡು ಹಾಕಿ ಬರುವ ಹುಡುಗ. ಅವನನ್ನು ಕೊಟ್ಟು ಶ್ರೀಧರ ತಂದದ್ದು ಪಾರ್ಕ್ ಲೈನಿನ ಒಂದೇ ಒಂದು ಪಾಳಿ. ಅಂದರೆ ಈ ಸಲ ನಮಗೆ ಎರಡು ಹೋಳು. ಕೇಳಿದರೆ ಶ್ರೀಧರ ಹೇಳಿದ, "ಮುಂದಿನ ವರ್ಷ ಇಮ್ರಾನ್ ಹತ್ತನೇ ಕ್ಲಾಸು, ಆಡೋದೇ ಇಲ್ಲ. ಸುಮ್ನೆ ಬಿಡೋದಕ್ಕಿಂತ ಈಗಲೇ ಏನಾದ್ರೂ ತಗೊಂಡ್ರೆ ಫ್ಯೂಚರ್ ಚೆನ್ನಾಗಿರುತ್ತೆ."

ಅವತ್ತು ಸಂಜೆಯಿಂದ ನಮ್ಮ ವರಾಂಡದಲ್ಲಿ ದೊಡ್ಡ ಪಂಚಾಯಿತಿ. ಒಂದು ಕಡೆ ಕುಲಕರ್ಣಿ ಕಾಕಾ, ಇನ್ನೊಂದು ಕಡೆ ನಮ್ಮ ಅವ್ವ. ಅವ್ವ ಅಂದರೆ ಅಪ್ಪನ ತಾಯಿ. ಮೊಣಕಾಲು ನೋವಿಗೆ ಮೆಟ್ಟಿಲು ಇಳಿಯುತ್ತಿರಲಿಲ್ಲ. ಮಹಡಿಯ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು, ಶೇಂಗಾ ಸುಲಿಯುತ್ತ ಒಂದು ಆಟವನ್ನೂ ಬಿಡುತ್ತಿರಲಿಲ್ಲ. ಬುಟ್ಟಿ ಆಟ ಅನ್ನುತ್ತಿದ್ದಳು. ಹೆಸರು ಏನೇ ಅನ್ನಲಿ, ಆಟ ಅವಳಿಗೆ ಕರತಲಾಮಲಕ.

"ಶ್ರೀಧರ ಶಾಣ್ಯಾ ಇದಾನ ಕಾಕೂ," ಅಂದರು ಕಾಕಾ. ವಯಸ್ಸಿನಲ್ಲಿ ದೊಡ್ಡವಳೆಂದು ಅವ್ವನನ್ನು ಹಾಗೆ ಕರೆಯುತ್ತಿದ್ದರು. "ಅಮೆರಿಕಾದಾಗೂ ಹಿಂಗ ಮಾಡ್ತಾರ್ರಿ. ಭವಿಷ್ಯ ನೋಡಬೇಕು."

"ಏನ್ ಸುಡಗಾಡ ಭವಿಷ್ಯನೋ! ಪಾರ್ಕ್ ಲೈನಿನವರು ಎದುರಿಗೆ ನಿಂತಾಗ ನಿನ್ನ ಭವಿಷ್ಯ ಬಂದು ಚೆಂಡು ಹಾಕತೈತೇನು?"

"ಉದ್ದನ ಪ್ರವೀಣ ಬರ್ತಾನಲ್ಲ. ಹನ್ನೆರಡಕ್ಕೇ ನನ್ನಷ್ಟು ಎತ್ತರ ಆಗ್ಯಾನ."

"ತೆಂಗಿನಮರನೂ ಎತ್ತರ ಐತಿ. ಓಡತೈತೇನು?"

ಹೀಗೆ ಊಟದ ತನಕ. ರೊಟ್ಟಿ, ಪುಂಡಿಪಲ್ಯ ತಾಟಿಗೆ ಬಿದ್ದರೂ ಮಾತು ನಿಲ್ಲುತ್ತಿರಲಿಲ್ಲ. ಮೊದಲ ಹೋಳು ಪ್ರವೀಣನಿಗೆ ಅಂತ ಅವ್ವನೂ ಕಡೆಗೆ ಒಪ್ಪಿದಳು. ಎರಡನೆಯದು ಯಾರಿಗೆ? ಕಿರಣನ ಹೆಸರು ಬಂತು, ಇನ್ನೂ ಹನ್ನೆರಡು ತುಂಬದ ಅವನ ತಮ್ಮನ ಹೆಸರು ಬಂತು, ಹೋದ ವಾರವಷ್ಟೇ ಬಾಡಿಗೆಗೆ ಬಂದವರ ಮನೆಯ ಹುಡುಗನ ಹೆಸರೂ ಬಂತು. ಅವನು ಚೆಂಡು ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ.

ನನಗೂ ಆ ಬ್ಯಾಸಗಿ ಹನ್ನೆರಡು ತುಂಬಿತ್ತು. ನಾನು ಅಲ್ಲೇ ಕೂತಿದ್ದೆ. ನನ್ನ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ಮಧ್ಯಾಹ್ನದ ಉರಿಬಿಸಿಲಿನಲ್ಲಿ, ಹುಡುಗರೆಲ್ಲ ಮಲಗಿದಾಗ, ಒಬ್ಬಳೇ ರಿಂಗಿಗೆ ಚೆಂಡು ಹಾಕುತ್ತಿದ್ದವಳು ನಾನು.

"ನನ್ನ ಹೆಸರು ಯಾಕ ಹೇಳವಲ್ರಿ?" ಅಂದೆ.

ಕಾಕಾ ನಕ್ಕರು. "ನೀ ಹೆಣ್ಣಹುಡುಗಿ ಅಲ್ಲವಾ ಗಿರಿಜಾ? ನೀ ಚಪ್ಪಾಳಿ ಹೊಡೀಬೇಕು."

ಅವ್ವ ನಗಲಿಲ್ಲ. ಶೇಂಗಾ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೆಣ್ಣಹುಡುಗಿ ಅಂತಲ್ಲ," ಅಂದಳು. "ನಿನ್ನ ಎಡಗೈ ಎದಕ್ಕೂ ಬರಂಗಿಲ್ಲ. ಯಾವಾಗ ನೋಡಿದ್ರೂ ಬಲಕ್ಕ ಹೊಳ್ಳತಿ. ಒಂದು ಆಟ ನೋಡಿದವ ಎರಡನೇ ಆಟಕ್ಕ ನಿನ್ನ ಹಿಡೀತಾನ. ಅದಕ್ಕ ಬ್ಯಾಡ."

ನಾನು ಅತ್ತುಕೊಂಡು ಒಳಗೆ ಓಡಿದೆ. ಆದರೆ ಹಾಸಿಗೆಯ ಮೇಲೆ ಬಿದ್ದಾಗ ಹೊಳೆಯಿತು: ಮುದುಕಿ ಮಧ್ಯಾಹ್ನವೆಲ್ಲ ನನ್ನನ್ನೇ ನೋಡಿದ್ದಾಳೆ! ಇಡೀ ಕಾಲೊನಿಯಲ್ಲಿ ನನ್ನನ್ನು ಆಟಗಾರ್ತಿ ಅಂತ ತೂಗಿ ನೋಡಿ ಬೇಡ ಅಂದವಳು ಅವಳೊಬ್ಬಳೇ. ಮರುದಿನದಿಂದ ಎಡಗೈಯಲ್ಲೇ ಚೆಂಡು ಬಡಿದೆ. ಎಡಗೈಯಲ್ಲೇ ರೊಟ್ಟಿ ಮುರಿಯಲು ಹೋಗಿ ಅಮ್ಮನಿಂದ ಬೈಸಿಕೊಂಡೆ.

ಶ್ರೀಧರನ ಹತ್ತಿರವೂ ಹೋಗಿ ಕೇಳಿದೆ. ಅವನು ನನ್ನನ್ನು ಬಿಟ್ಟು ಬಾಜೂ ನಿಂತವನಿಗೆ ತೆಲುಗಿನಲ್ಲಿ ಹೇಳಿದ, "ಆಡಪಿಲ್ಲನಿ ಎಲಾ ತೀಸ್ಕುಂಟಾಂ ರಾ?" ಹುಡುಗಿಯನ್ನು ಹೇಗೆ ತಗೊಳ್ಳೋದು ಅಂತ. ನನಗೆ ತೆಲುಗು ಬರುವುದಿಲ್ಲ ಅಂದುಕೊಂಡಿದ್ದನೋ ಏನೋ, ಬೆಪ್ಪ.

ಆಯ್ಕೆಯ ದಿನ ಬಂತು. ಟ್ಯಾಂಕಿನ ಕಟ್ಟೆಯ ಮೇಲೆ ತಾಟು, ತಾಟಿನಲ್ಲಿ ಖಾರದಿಂದ ಕೆಂಪಾದ ಹೋಳುಗಳು. ಕಾಕಾ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದರು. ಶ್ರೀಧರ ಪ್ರವೀಣನನ್ನು ಕರೆದ. ಪ್ರವೀಣ ತಿಂದ, ಹುಳಿಗೆ ಮುಖ ಕಿವಿಚಿದ, ಎಲ್ಲರೂ ಸೀಟಿ ಹೊಡೆದರು. ಗೇಟ್ ಲೈನಿನವರು ತಮ್ಮ ಹುಡುಗನನ್ನು ಕರೆದರು. ಆಮೇಲೆ ಪಾರ್ಕ್ ಲೈನಿನ ಪಾಳಿ, ಅಂದರೆ ಇಮ್ರಾನನನ್ನು ಕೊಟ್ಟು ನಾವು ತಂದದ್ದು. ಶ್ರೀಧರ "ಕಿರಣ್" ಅಂದ.

ಕಿರಣ ಇರಲಿಲ್ಲ. ಸನತ್‌ನಗರದ ಅತ್ತೆ ಮನೆಗೆ ಹೋಗಿದ್ದ, ಮುಂದಿನ ವಾರ ಬರುವವನಿದ್ದ.

"ಪರವಾಗಿಲ್ಲ, ಅವನ ಹೋಳು ತೆಗೆದಿಡ್ತೀವಿ, ಬಂದ ಮೇಲೆ ತಿಂತಾನೆ," ಅಂದ ಶ್ರೀಧರ.

ಇಲ್ಲದವನಿಗೆ ತೆಗೆದಿಡುತ್ತಾರಂತೆ! ಎದುರಿಗೆ ನಿಂತವಳು ಕಾಣುವುದಿಲ್ಲವಂತೆ! ನಾನು ಎರಡು ಹೆಜ್ಜೆಗೆ ಕಟ್ಟೆ ಹತ್ತಿದೆ. ತಾಟಿನಿಂದ ಹೋಳು ತೆಗೆದು ಬಾಯಿಗೆ ಹಾಕಿಕೊಂಡೆ. ಎಲ್ಲರ ಮುಖ ನೋಡುತ್ತ, ಕಚಕಚ ಅಗಿದು, ನುಂಗಿದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಆ ಗದ್ದಲ ನೀವು ಕೇಳಬೇಕಿತ್ತು. ಕಳ್ಳತನ ಅಂದರು, ಸೊಕ್ಕು ಅಂದರು. ಶ್ರೀಧರ ಇನ್ನೊಂದು ಹೋಳು ಕೊಯ್ಯಿರಿ ಅಂತ ಕಾಕಾನ ಬೆನ್ನು ಬಿದ್ದ. ಪಾಪ, ಕಾಕಾ ತಲೆ ಕೆರೆದುಕೊಂಡರು. "ಹೋಳು ತಿಂದವರು ಲೈನಿನವರು ಅಂತ ಕಾಯ್ದೆ ಐತಿ. ಯಾರು ಕೊಡಬೇಕು ಅಂತ ನಾ ಬರೀಲೇ ಇಲ್ಲಲ್ಲೋ."

ಮೇಲಿಂದ ಅವ್ವನ ದನಿ ಬಂತು: "ತಿಂದಾಳ, ನುಂಗ್ಯಾಳ. ಇನ್ನ ಆಕಿ ಹೊಟ್ಟಿ ಕೊಯ್ಯತೀರೇನು?"

ನಗೆ ಎದ್ದಿತು, ಆದರೂ ಶ್ರೀಧರ ಜಗ್ಗಲಿಲ್ಲ. ಆಗ ಪಾರ್ಕ್ ಲೈನಿನ ಗುಂಪಿನಿಂದ ಇಮ್ರಾನ್ ಮುಂದೆ ಬಂದ. ನಮ್ಮ ಓಣಿಯಲ್ಲೇ ಬೆಳೆದವನು, ನಮ್ಮ ಕನ್ನಡವನ್ನು ತನ್ನ ದಖನಿ ಉರ್ದುವಿನೊಳಗೆ ಕಲಸಿ ಮಾತಾಡುವವನು. ಲೈನು ಬದಲಾದಾಗಿನಿಂದ ನಮ್ಮೆಲ್ಲರ ಜೊತೆಗೂ ಮಾತು ಬಿಟ್ಟಿದ್ದ.

"ಸುನೋ ಶ್ರೀಧರ್," ಅಂದ. "ನಂಗ ಹೋಳು ನೀವು ಕೊಟ್ಟಿದ್ರಿ. ಅದಕ್ಕೇ ಆರಾಮಾಗಿ ಎತ್ತಿ ಬೇರೆಯವ್ರಿಗೆ ಕೊಟ್ಟುಬಿಟ್ರಿ. ಇಕಿ ತಾನೇ ತಗೊಂಡಾಳ. ಇಕಿನ್ನ ಯಾರು ಕೊಡ್ತೀರಿ, ಕೊಡ್ರಿ ನೋಡೋಣ."

ಶ್ರೀಧರನ ಮುಖ ಕೆಂಪಾಯಿತು. "ನಾಳೆ ಐದಕ್ಕೆ ಪ್ರಾಕ್ಟೀಸ್, ತಡ ಮಾಡಬೇಡ," ಅಂದ. ನನಗೇ ಅಂದ, ಕನ್ನಡದಲ್ಲೇ ಅಂದ.

ಮೊದಲ ಆಟ ಪಾರ್ಕ್ ಲೈನಿನ ಮೇಲೆಯೇ. ಇಮ್ರಾನ್ ನನಗೆ ಒಂದು ಚೂರೂ ದಯೆ ತೋರಿಸಲಿಲ್ಲ. ಚೆಂಡು ಕಸಿದ, ಹಾರಿ ತಡೆದ, ನಕ್ಕು ಓಡಿದ. ಕಡೆಯಲ್ಲಿ ಒಂದೇ ಒಂದು ಸಲ ನಾನು ಎಡಕ್ಕೆ ಹೊರಳಿ ಅವನನ್ನು ದಾಟಿ ಚೆಂಡು ಹಾಕಿದೆ. ಉಳ್ಳಾಗಡ್ಡಿ ಚೀಲ ಸರಕ್ ಅಂದಿತು. ಆಟ ಸೋತೆವು. ಆ ಬ್ಯಾಸಗಿಯೂ ನಾವು ಕಡೇ ಸ್ಥಾನ. ಆಗಲಿ ಬಿಡಿ, ಪೂರ್ತಿ ಬ್ಯಾಸಗಿ ಆಡಿದೆ.

ಬೆವರಿಳಿಸುತ್ತ ಮೇಲೆ ಬಂದರೆ ಅವ್ವ ಶಹಬ್ಬಾಸ್ ಅಂದಾಳು ಅಂತ ಕಾದೆ. "ಚೆಂಡು ಹಾಕಿದ ಮ್ಯಾಲೆ ಅಲ್ಲೇ ನಿಂತು ಕುಣಿಯೋದು ಏನಿತ್ತು?" ಅಂದಳು. "ನೀ ಕುಣಿಯೋದರಾಗ ಅವರು ಆ ಕಡೆ ಹೋಗಿ ಹಾಕಿದ್ರು. ಮಾರಿ ತೊಳಕೋ, ಹೇಳ್ತೀನಿ." ಅವತ್ತು ಊಟ ಮುಗಿಯುವ ತನಕ ನನ್ನ ತಪ್ಪುಗಳದ್ದೇ ಪಂಚಾಯಿತಿ. ಕಾಕಾ ನನ್ನ ಪರ, ಅವ್ವ ವಿರೋಧ. ಅಷ್ಟು ಸುಖದಿಂದ ನಾನು ಮತ್ತೆಂದೂ ಉಂಡಿಲ್ಲ.

ಈಗ ಹಿಮಾಯತ್‌ನಗರದ ನಮ್ಮ ಆಫೀಸಿನಲ್ಲಿ ಹುಡುಗರು ಚಾ ಕುಡಿಯುತ್ತ ಸಮುದ್ರದಾಚೆಯ ತಂಡಗಳ ಬಗ್ಗೆ ಹೊಡೆದಾಡುತ್ತಾರೆ, ಯಾರನ್ನು ಕೊಟ್ಟರು, ಯಾರನ್ನು ತಂದರು ಅಂತ. ತಮ್ಮ ಓಣಿಯ ಒಬ್ಬ ಮಗುವಿನ ಹೆಸರೂ ಅವರಿಗೆ ಗೊತ್ತಿಲ್ಲ. ಕುಷಾಯಿಗೂಡದ ರಿಂಗುಗಳನ್ನು ಕಿತ್ತು ಕಾರು ನಿಲ್ಲಿಸಿದ್ದಾರೆ. ಕಾಲೊನಿ ಸಭೆಗೆ ಹೋಗಿ ನಾನು ಕೂಗಾಡಿ ಬಂದೆ, ಇನ್ನೂ ಹೋಗುತ್ತೇನೆ, ಬಿಡುವವಳಲ್ಲ. ರಿಂಗು ಇವತ್ತಲ್ಲ ನಾಳೆ ಹಾಕಿಸಿಯೇನು. ಆದರೆ ಅವ್ವ ಹೋಗಿ ಭಾಳ ವರ್ಷವಾದವು. ಈಗ ನಾನು ಏನು ಮಾಡಿದರೂ ಮಂದಿ ಚೆನ್ನಾಗಿದೆ ಅಂದು ಮುಂದೆ ಹೋಗುತ್ತಾರೆ. ನನ್ನ ಸಲುವಾಗಿ ರೊಟ್ಟಿ ಆರುವ ತನಕ ಜಗಳ ಆಡುವವರು ಒಬ್ಬರೂ ಉಳಿದಿಲ್ಲ.