ಎರಡು ಬರಿ

ಮೊನ್ನೆ ದುಬೈಯ ಅಲ್ ಬರ್ಷಾದ ಅಂಗಡಿಯಲ್ಲಿ ಕೋರಿ ರೊಟ್ಟಿಯ ಪೊಟ್ಟಣ ಎತ್ತಿಕೊಂಡೆ. ಒಳಗೆ ರೊಟ್ಟಿ ಪಟಪಟನೆ ಮುರಿಯಿತು. ಆ ಸದ್ದಿಗೆ ಚಿಕ್ಕಮ್ಮ ನೆನಪಾದಳು... ನಾನಿನ್ನೂ ಚಿಕ್ಕವಳಿದ್ದಾಗಿನ ಒಂದು ಶುಕ್ರವಾರ. ಅವಳು ನನ್ನ ತಟ್ಟೆಗೆ ರೊಟ್ಟಿ ಮುರಿದು, ಮೇಲೆ ಕೋಳಿ ಸಾರು ಸುರಿದು, "ಬೇಗ ತಿನ್ನು, ಮೆತ್ತಗಾದ್ರೆ ಮಜಾ ಇಲ್ಲ" ಅಂದಿದ್ದಳು. ಅಮ್ಮ, ಅವಳು, ನಾನು ಮೂವರೂ ನಿಶ್ಚಿಂತೆಯಿಂದ ಉಂಡ ಕೊನೆಯ ಊಟ ಅದು.

ಅಪ್ಪನನ್ನು ಕಂಡ ನೆನಪು ನನಗಿಲ್ಲ. ನನ್ನನ್ನು ಬೆಳೆಸಿದವರು ಅಮ್ಮ ಮತ್ತು ಅವಳು. ಅವರಿಬ್ಬರೂ ಬಾಳ ಸಂಗಾತಿಗಳು. ದುಬೈಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೊರಗಿನವರಿಗೆ ಅವಳು ಅಮ್ಮನ ತಂಗಿ, ಹಾಗಾಗಿ ನನಗೆ ಚಿಕ್ಕಮ್ಮ.

ಅಂದು ಸಂಜೆ ನಮ್ಮ ತುಳುವರ ಕೂಟವಿತ್ತು. ಅಲ್ಲಿ ಅಮ್ಮನ ಪರಿಚಯದ ಆಂಟಿಯೊಬ್ಬರು ಚಿಕ್ಕಮ್ಮನನ್ನು ಕೇಳಿದರು, "ನಿಮ್ಮದು ಯಾವ ಬರಿ?"

ಚಿಕ್ಕಮ್ಮ ಯೋಚಿಸದೆ, "ಸಾಲಿಯಾನ್" ಅಂದುಬಿಟ್ಟಳು.

"ಅಕ್ಕನದ್ದು ಬಂಗೇರ ಅಲ್ವಾ ಮಾರಾಯ್ತಿ? ಒಂದೇ ತಾಯಿ ಮಕ್ಕಳಿಗೆ ಎರಡು ಬರಿ ಹೇಗಾಗ್ತದೆ?"

ಬರಿ ನಮ್ಮಲ್ಲಿ ತಾಯಿಯಿಂದಲೇ ಬರುವ ಕುಲದ ಹೆಸರು. ಸುಳ್ಳು ಅಲ್ಲೇ ಬಿಚ್ಚಿಕೊಂಡಿತ್ತು. ಅಮ್ಮ ನನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಳು. ಆಂಟಿ ಇಬ್ಬರ ಮುಖವನ್ನೂ ನೋಡಿ, "ಓ, ದೊಡ್ಡಪ್ಪನ ಮಗಳಾ? ಹಾಗೆ ಹೇಳಿ ಮತ್ತೆ!" ಎಂದು ನಕ್ಕರು. ಹಾಗಾದರೆ ತಾಯಿ ಬೇರೆ, ಬರಿಯೂ ಬೇರೆ. ಚಿಕ್ಕಮ್ಮ ಹೌದೆಂದು ತಲೆಯಾಡಿಸಿದಳು.

ಅವರಿಗೆ ನಿಜ ಗೊತ್ತಿತ್ತೇ? ಗೊತ್ತಿದ್ದೇ ನಮ್ಮನ್ನು ಪಾರು ಮಾಡಿದರೇ? ಈಗಲೂ ಕುತೂಹಲ...

ಕಾರಿನಲ್ಲಿ ಚಿಕ್ಕಮ್ಮ, "ಖಲಾಸ್, ಇನ್ನು ನಾನೂ ಬಂಗೇರ" ಎಂದು ತಮಾಷೆ ಮಾಡಿದಳು. ಅಮ್ಮ ನಗಲಿಲ್ಲ. "ಇವತ್ತು ಅವರು ಕೇಳಿದ್ರು, ನಾಳೆ ಇನ್ನೊಬ್ರು. ಕೆಲಸ, ವೀಸಾ, ಈ ಮಗು... ಎಲ್ಲ ಹೋಗ್ತದೆ."

ಸ್ವಲ್ಪ ದಿನಕ್ಕೇ ಚಿಕ್ಕಮ್ಮ ನಮ್ಮ ಮನೆ ಬಿಟ್ಟು ಜುಮೇರಾ ಲೇಕ್ ಟವರ್ಸ್‌ನಲ್ಲಿ ಬೇರೆ ಕೋಣೆ ಹಿಡಿದಳು. ಪ್ರತಿ ಶುಕ್ರವಾರ ರೊಟ್ಟಿ ಪೊಟ್ಟಣದೊಂದಿಗೆ ಬಂದು ಬೆಲ್ ಒತ್ತುತ್ತಿದ್ದಳು. ಬೀಗದ ಕೈ ಇದ್ದೂ ಯಾಕೆ ಬೆಲ್ ಎಂದು ಕೇಳಿದೆ. "ನೆಂಟರು ಬೆಲ್ ಮಾಡಿಯೇ ಬರ್ಬೇಕು ಮಗಾ" ಅಂದಳು. ನಾನು ದೊಡ್ಡವಳಾದ ಮೇಲೂ ಅವಳು ಬೆಲ್ ಒತ್ತಿಯೇ ಬಂದಳು.

ಹೋದ ವರ್ಷ ಅವಳು ಊರಿನಲ್ಲಿ ತೀರಿಕೊಂಡಳು. ಕಾರ್ಯವನ್ನು ಅವಳ ಮನೆಯವರು ಮಾಡಿದರು. ಅಮ್ಮ, ನಾನು ಪರಿಚಯದವರ ಸಾಲಿನಲ್ಲಿ ಕುಳಿತು ಉಂಡು ಬಂದೆವು.

ಯಾರಾದರೂ ಕೇಳಿದರೆ ನನ್ನ ಬರಿ ಬಂಗೇರ ಎನ್ನುತ್ತೇನೆ. ಅದು ಅಮ್ಮನಿಂದ ಬಂದದ್ದು. ಚಿಕ್ಕಮ್ಮನ ಮಗಳು ಎಂದು ಹೇಳಿಕೊಳ್ಳಲು ನನ್ನಲ್ಲಿ ಯಾವ ಹೆಸರೂ ಇಲ್ಲ.